‘ಗನೀಮತ್’ ಪದಕ್ಕೆ ‘ಕೊಳ್ಳೆ’ ಸರಿಯೇ?

ಮೈಸೂರಿನ ಮಾಸಿಕವೊಂದಕ್ಕಾಗಿ ಇಸ್ಲಾಮಿನ ಯುದ್ಧನೀತಿಯ ಬಗೆಗಿನ ಲೇಖನವನ್ನು ತಿದ್ದುತ್ತಿದ್ದೇನೆ. ಲೇಖಕರು ‘ಗನೀಮತ್’ ಬಂದ ಕಡೆಯೆಲ್ಲ ‘ಕೊಳ್ಳೆಯ ಮಾಲು’ ಎಂದೋ ‘ಲೂಟಿ’ ಎಂದೋ ಬರೆದಿದ್ದಾರೆ. ಹೀಗಾಗಿ ಒಂದು ಪುಟದಲ್ಲಿ ಲೂಟಿಯನ್ನು ಹಂಚುವ ಕ್ರಮವಿದೆ, ಮುಂದಿನ ಪುಟದಲ್ಲಿ ಲೂಟಿ ನಿಷಿದ್ಧ! ಓದುಗ ಯಾವುದನ್ನು ನಂಬಬೇಕು?

ಗನೀಮತ್ ಎಂದರೆ ಕಾದಾಡಿ ಗೆದ್ದ ಸೊತ್ತು. ಅದು ಕೈಗೆ ಸಿಕ್ಕವನದ್ದಲ್ಲ, ಮೊದಲು ಒಂದೆಡೆ ಸೇರಬೇಕು. ಕುರ್‌ಆನಿನ 8ನೇ ಅಧ್ಯಾಯದ 41ನೇ ವಚನದಂತೆ ಐದರಲ್ಲೊಂದು ಪಾಲು ದೇವರಿಗೆ, ಪ್ರವಾದಿಗೆ, ಅವರ ಬಂಧುಗಳಿಗೆ, ಅನಾಥರಿಗೆ, ಬಡವರಿಗೆ, ದಾರಿಹೋಕರಿಗೆ, ಉಳಿದದ್ದು ಕಾದಿದವರಿಗೆ. ಕಾಳಗವಿಲ್ಲದೆ ಕೈಸೇರಿದ್ದು ‘ಫೈ’. ಅದನ್ನು ಸೈನಿಕರಿಗೆ ಹಾಗೆ ಹಂಚುವಂತಿಲ್ಲ. ಸಂಪತ್ತು ಉಳ್ಳವರ ನಡುವೆಯೇ ಸುತ್ತುತ್ತಿರಬಾರದು ಎಂಬ ಕಾರಣವನ್ನೂ 59ನೇ ಅಧ್ಯಾಯ ಕೊಡುತ್ತದೆ. ಖಲೀಫ ಉಮರ್ ಇರಾಕಿನಲ್ಲಿ ಗೆದ್ದ ಜಮೀನನ್ನು ಸೈನ್ಯಕ್ಕೆ ಹಂಚದೆ, ಮುಂದಿನ ತಲೆಮಾರಿಗೂ ಸಲ್ಲಲೆಂದು ಕಂದಾಯಕ್ಕೆ ಉಳಿಸಿದ್ದು ಇದೇ ಅಧ್ಯಾಯದ ಬಲದ ಮೇಲೆ.

ಮೂರನೆಯ ಪದ ‘ಗುಲೂಲ್’. ಪಾಲಾಗುವ ಮೊದಲೇ ಎತ್ತಿಟ್ಟುಕೊಳ್ಳುವುದು, ಇದು ಮಹಾಪಾಪ. ಅರೇಬಿಯಾದ ಖೈಬರಿನ ಕಾಳಗದಲ್ಲಿ ಹೀಗೆ ಒಂದು ಹೊದಿಕೆ ಎತ್ತಿಕೊಂಡವನು ಬಾಣ ತಗುಲಿ ಸತ್ತ. ಹುತಾತ್ಮನೆಂದು ಜನ ಕೊಂಡಾಡಿದಾಗ, ಆ ಹೊದಿಕೆ ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆ ಎಂದರು ಪ್ರವಾದಿ. ಅದನ್ನು ಕೇಳಿದ ಇನ್ನೊಬ್ಬ ತಾನು ಇಟ್ಟುಕೊಂಡಿದ್ದ ಚಪ್ಪಲಿಯ ಬಾರನ್ನು ತಂದೊಪ್ಪಿಸಿದನೆಂದು ಹದೀಸಿನಲ್ಲಿ, ಅಂದರೆ ಪ್ರವಾದಿಯ ನಡೆನುಡಿಗಳ ದಾಖಲೆಯಲ್ಲಿದೆ. ಚಪ್ಪಲಿಯ ಬಾರಿಗೂ ಲೆಕ್ಕ ಕೇಳುವ ಈ ವ್ಯವಸ್ಥೆಯನ್ನು ‘ಲೂಟಿ’ ಎಂದರೆ ನಿಯಮವೂ ಅದರ ಉಲ್ಲಂಘನೆಯೂ ಒಂದೇ ಆಗಿಬಿಡುತ್ತವೆ.

ನಮ್ಮ ನೆಲದಲ್ಲೂ ಈ ಗೊಂದಲ ಇದ್ದದ್ದೇ. 1799ರ ಮೇ 4ರ ರಾತ್ರಿ ಶ್ರೀರಂಗಪಟ್ಟಣದಲ್ಲಿ ಗೆದ್ದ ಬ್ರಿಟಿಷ್ ಪಡೆಯ ಸೈನಿಕರು ಮನೆಗಳಿಗೆ ನುಗ್ಗಿ ದೋಚಿದ್ದು ಲೂಟಿ. ಬಳಿಕ ಸಮಿತಿ ಕೂಡಿಸಿ, ಟಿಪ್ಪುವಿನ ಸಿಂಹಾಸನವನ್ನು ತುಂಡರಿಸಿ, ಸಿಕ್ಕ ಸಂಪತ್ತನ್ನು ಹುದ್ದೆಗೆ ತಕ್ಕಂತೆ ಹಂಚಿಕೊಂಡದ್ದಕ್ಕೂ ನಾವು ಲೂಟಿ ಎಂದೇ ಬರೆಯುತ್ತೇವೆ. ಸಿಟ್ಟಿಗೆ ಆ ಪದ ಸಾಕು, ಶಾಸ್ತ್ರವನ್ನು ವಿವರಿಸುವ ಬರಹಕ್ಕೆ ಸಾಲದು. ‘ಕೊಳ್ಳೆ’ ಹುಟ್ಟಿದ್ದು ‘ಕೊಳ್’ ಎಂಬುದರಿಂದ, ವೀರಗಲ್ಲುಗಳ ‘ತುರುಗೊಳ್’ (ದನಗಳನ್ನು ಹಿಡಿದೊಯ್ಯುವುದು) ಕೂಡ ಅದರ ನೆಂಟನೇ. ಆದರೆ ಈಗ ಕೊಳ್ಳೆ ಹೊಡೆಯುವವನು ಡಕಾಯಿತ ಮಾತ್ರ.

‘ಯುದ್ಧಾರ್ಜಿತ ಸೊತ್ತು’ ಎಂದು ಮಿತ್ರರೊಬ್ಬರು ಸೂಚಿಸಿದರು. ಅರ್ಥ ಸ್ಪಷ್ಟವಾಗಿದೆ, ಆದರೂ ನನಗೆ ಒಗ್ಗುತ್ತಿಲ್ಲ. ‘ಸ್ವಯಾರ್ಜಿತ’, ‘ಪಿತ್ರಾರ್ಜಿತ’ ಎಂದು ಕ್ರಯಪತ್ರಗಳಲ್ಲಿ ಓದಿ ಓದಿ ‘ಆರ್ಜಿತ’ಕ್ಕೆ ನ್ಯಾಯದ ದುಡಿಮೆಯ ವಾಸನೆ ಅಂಟಿದೆ. ಗನೀಮತ್‌ನ ಲೆಕ್ಕದಲ್ಲಿ ಸೆರೆಸಿಕ್ಕ ಹೆಂಗಸರೂ ಮಕ್ಕಳೂ ಬರುತ್ತಿದ್ದರು. ಅಷ್ಟು ನಯವಾದ ಪದ ಆ ಸಂಗತಿಯನ್ನು ಮುಚ್ಚಿಬಿಡುತ್ತದೆ. ಸದ್ಯಕ್ಕೆ ‘ಗೆದ್ದ ಸೊತ್ತು’ ಎಂದು ಇಟ್ಟಿದ್ದೇನೆ. ‘ಫೈ’ಯನ್ನು ಹಾಗೆಯೇ ಬಿಟ್ಟು ಅಡಿಯಲ್ಲಿ ವಿವರಣೆ ಕೊಡುವುದು ಮೇಲು.

ಸಿಕ್ಕದಿರುವುದು ಗುಲೂಲ್‌ಗೆ. ‘ಕಳವು’ ತೀರಾ ಅಗಲ, ‘ಲಪಟಾಯಿಸುವುದು’ ನಗೆ ತರಿಸುತ್ತದೆ. ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟ ಗದ್ದೆಯ ಭತ್ತವನ್ನು ಕಣದಲ್ಲಿ ಅಳೆದು ಪಾಲು ಹಾಕುವ ಮೊದಲೇ ಒಂದಿಷ್ಟನ್ನು ಮರೆಗೆ ಸರಿಸುವುದಕ್ಕೆ ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಬೇರೆ ಹೆಸರೇನಾದರೂ ಇದೆಯೇ? ಬಲ್ಲವರು ತಿಳಿಸಬೇಕು.