ಶಾಂತಲೆ ಮೇಲಿನ ಕಾದಂಬರಿ ಅರ್ಧಕ್ಕೆ ನಿಂತಿದೆ, ಮುಂದುವರಿಸ್ಲಾ ಬೇಡ್ವಾ?

ವಿಷ್ಣುವರ್ಧನ-ಶಾಂತಲೆ ಕಥೆ ಇರೋ ಒಂದು ದಪ್ಪ ಕಾದಂಬರಿ ಓದ್ತಿದೀನಿ (ಹೆಸರು ಬೇಡ, ಸುಮ್ನೆ ಜಗಳ ಆಗುತ್ತೆ). ಭಾಷೆ ಸೂಪರ್, ನಾಟ್ಯದ ಸೀನ್ ಓದ್ತಾ ರಾತ್ರಿ ಎರಡಾಗಿದ್ದೇ ಗೊತ್ತಾಗ್ಲಿಲ್ಲ. ಆದ್ರೆ ಅರಮನೆ ಅಡುಗೆಮನೇಲಿ ಒಣಮೆಣಸಿನಕಾಯಿ ಹುರಿದ ಘಾಟು ಬಂತು ನೋಡಿ, ಅಲ್ಲಿಗೆ ಮನಸ್ಸು ಕೆಟ್ಟೋಯ್ತು. 12ನೇ ಶತಮಾನದಲ್ಲಿ ಮೆಣಸಿನಕಾಯಿ ಎಲ್ಲಿತ್ತು? ಇದೇ ತಪ್ಪಾದ್ರೆ ಉಳಿದಿದ್ರಲ್ಲಿ ಯಾವ್ದು ನಂಬೋದು? ನಿಮ್ಗೂ ಹೀಗಾಗಿದ್ರೆ ಏನ್ ಮಾಡಿದ್ರಿ ಹೇಳಿ.

— ಮೆಣಸಿನಕಾಯಿ ಪೋರ್ಚುಗೀಸರ ಜೊತೆ ಬಂದಿದ್ದು, ವಾಸ್ಕೋ ಡ ಗಾಮ ಬಂದಿಳಿದಿದ್ದೇ 1498ರಲ್ಲಿ. ಅಲ್ಲೀತನಕ ಖಾರ ಅಂದ್ರೆ ಕಾಳುಮೆಣಸು. ನಾನಾದ್ರೆ ಪೆನ್ಸಿಲ್ಲಲ್ಲಿ ತಿದ್ದಿ ಮುಂದೆ ಹೋಗ್ತೀನಿ. ಲೈಬ್ರರಿ ಪುಸ್ತಕ ಆದ್ರೆ ಮಾಡ್ಬೇಡಿ ಮತ್ತೆ.

— ನಂಗೆ ಕಾಟ ಕೊಟ್ಟಿದ್ದು ಅಡುಗೆಮನೆ ಅಲ್ಲ, ಕೊನೆ. ಕಾಲೇಜಲ್ಲಿದ್ದಾಗ ಓದಿದ್ದು, ಶಾಂತಲೆ ಶಿವಗಂಗೆ ಬೆಟ್ಟದಿಂದ ಹಾರೋದು ಓದಿ ಅತ್ತು, ಆಮೇಲೆ ಬೆಟ್ಟ ಹತ್ತಿ ಅದೇ ಜಾಗದಲ್ಲಿ ನಿಂತು ಕೆಳಗೆ ನೋಡಿ ಕಾಲು ನಡುಗಿಸ್ಕೊಂಡು ಬಂದಿದ್ದೆ. ಎಷ್ಟೋ ವರ್ಷದ ಮೇಲೆ ಶ್ರವಣಬೆಳಗೊಳಕ್ಕೆ ಹೋದಾಗ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ನೋಡ್ದೆ, ಶಾಂತಲೆ 1123ರಲ್ಲಿ ಕಟ್ಟಿಸಿದ್ದು. ಅಲ್ಲಿರೋ ಶಾಸನದಲ್ಲಿ ಏನಿದೆ ಅಂತ ಮನೆಗೆ ಬಂದು ಎಪಿಗ್ರಾಫಿಯಾ ಕರ್ನಾಟಿಕಾ (ಕರ್ನಾಟಕದ ಶಾಸನಗಳನ್ನ ಅಚ್ಚು ಹಾಕಿರೋ ಪುಸ್ತಕಮಾಲೆ) ಎರಡನೇ ಸಂಪುಟ ಹುಡುಕಿ ಓದಿದ್ರೆ, 1131ರಲ್ಲಿ ಶಿವಗಂಗೇಲಿ ತೀರ್ಕೊಂಡ್ಳು ಅಂತಿದೆ, ಅಷ್ಟೇ, ಹಾರಿದ್ಳು ಅನ್ನೋ ಮಾತೇ ಇಲ್ಲ. ಅದ್ರ ಬದ್ಲು ಅವ್ಳ ತಾಯಿ ಮಾಚಿಕಬ್ಬೆ ವಿಷ್ಯ ಇದೆ. ಮಗಳು ಹೋದ ಸಂಕಟ ತಡೀಲಾರ್ದೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸ ಇದ್ದು ಸನ್ಯಸನದಲ್ಲಿ, ಅಂದ್ರೆ ಜೈನರ ಪದ್ಧತಿಯಂತೆ ಊಟ ಬಿಟ್ಟು, ಪ್ರಾಣ ಬಿಟ್ಟಳಂತೆ. ಓದಿ ಸುಮ್ನೆ ಕೂತ್ಬಿಟ್ಟೆ. ಕಲ್ಲಲ್ಲೇ ಇಂಥದ್ದಿದ್ದಾಗ ನಾನು ಓದಿದ ಪುಸ್ತಕದಲ್ಲಿ ಆ ತಾಯಿಗೆ ಎರಡು ಸಾಲೂ ಇರ್ಲಿಲ್ಲ, ಅದಕ್ಕೆ ಇವತ್ತಿಗೂ ಸಿಟ್ಟಿದೆ. ಆದ್ರೆ ಆ ಕಾದಂಬರಿ ಓದಿರ್ದಿದ್ರೆ ಬಸದಿ ಮುಂದೆ ಫೋಟೋ ಹೊಡ್ಕೊಂಡು ವಾಪಸ್ ಬರ್ತಿದ್ದೆ, ಅದೂ ನಿಜ.

— ಮೇಲಿನೋರು ಹೇಳಿದ ಬಸದಿ ಹೆಸರೇ ನೋಡಿ, ಅದು ಶಾಂತಲೆ ಬಿರುದು. ಸೊಕ್ಕಿದ ಸವತಿಯರ ಪಾಲಿಗೆ ಮದದಾನೆ ಅಂತ ಅರ್ಥ! ಕಾದಂಬರಿಗಳಲ್ಲಿ ಮಾತ್ರ ಸವತಿಗೋಸ್ಕರ ಎಲ್ಲಾ ಬಿಟ್ಕೊಟ್ಟು ಕಣ್ಣೀರು ಒರೆಸ್ಕೊಳ್ಳೋ ಸಾಧ್ವಿ. ಮೆಣಸಿನಕಾಯಿ ಬಿಡಿ, ಒಂದು ಪದ ಬದಲಾಯಿಸಿದ್ರೆ ಸರಿಹೋಗುತ್ತೆ. ಇದು ಮನುಷ್ಯಳನ್ನೇ ಬದಲಾಯಿಸಿದ್ದು. ಒಂದು ಟಿಪ್: ಮೊದ್ಲು ಲೇಖಕರ ಮಾತು ಓದಿ, ಯಾವ್ದು ಶಾಸನದ್ದು ಯಾವ್ದು ಕಲ್ಪನೆ ಅಂತ ಕೆಲವ್ರು ಅಲ್ಲೇ ಹೇಳಿರ್ತಾರೆ.

ಕೇಳಿದವಳು ನಾನೇ: ಥ್ಯಾಂಕ್ಸ್ ಎಲ್ರಿಗೂ. ಮುನ್ನುಡಿ ಹಾರಿಸಿದ್ದೆ, ಈಗ ನೋಡಿದ್ರೆ ಶಾಸನದ ಬಗ್ಗೆ ಎರಡು ಪೇಜಿದೆ, ನಾಚ್ಕೆ ಆಯ್ತು. ತಡೀಲಾರ್ದೆ ಕೊನೆ ಪುಟಗಳನ್ನೂ ತಿರುವಿದೆ, ಮಾಚಿಕಬ್ಬೆ ಇದಾಳೆ! ಇವತ್ತು ರಾತ್ರಿನೇ ಮುಂದುವರಿಸ್ತೀನಿ. ಪೆನ್ಸಿಲ್ಲೂ ಹತ್ರ ಇಟ್ಕೊಂಡಿದೀನಿ, ಸ್ವಂತ ಪುಸ್ತಕಾನೇ.