ಮಗನಿಗೆ ರೆಡ್ ಕಾರ್ಡ್ ಸಿಕ್ಕಿದೆ, ಹೆತ್ತವರಾಗಿ ನಾವೀಗ ಏನು ಮಾಡಬೇಕು?

ಕೇಳಿದವರು: 13 ವರ್ಷದ ಹುಡುಗನ ಅಮ್ಮ

ಕಳೆದ ಭಾನುವಾರದ ಫುಟ್‌ಬಾಲ್ ಮ್ಯಾಚಿನಲ್ಲಿ ನಡೆದದ್ದು. ಎದುರು ಟೀಮಿನ ಡಿಫೆಂಡರ್ ಮೊದಲಿನಿಂದಲೂ ನನ್ನ ಮಗನ ಜೆರ್ಸಿ ಎಳೆಯುತ್ತಿದ್ದ, ಹಿಂದಿನಿಂದ ಕಾಲಿಗೆ ಒದೆಯುತ್ತಿದ್ದ. ರೆಫರಿ ಒಂದು ಸಲವೂ ವಿಸಿಲ್ ಊದಲಿಲ್ಲ. ಸೆಕೆಂಡ್ ಹಾಫ್‌ನಲ್ಲಿ ಮಗ ತಿರುಗಿ ಅವನನ್ನು ತಳ್ಳಿದ, ಅವನೂ ತಳ್ಳಿದ, ಮಗ ಮುಖಕ್ಕೆ ಗುದ್ದಿಬಿಟ್ಟ. ಎರಡೂ ಟೀಮಿನ ಹುಡುಗರು ಓಡಿ ಬಂದರು. ಅವರ ಹಿಂದೆಯೇ ಇಬ್ಬರು ಅಪ್ಪಂದಿರು ಮೈದಾನಕ್ಕೆ ನುಗ್ಗಿದರು, ಒಬ್ಬರು ನಮ್ಮ ಮನೆಯವರೇ. ನನ್ನ ಮಗನಿಗೆ ರೆಡ್ ಕಾರ್ಡ್ ತೋರಿಸಿ ಹೊರಗೆ ಕಳಿಸಿದರು, ಆ ಹುಡುಗನಿಗೆ ಬರೀ ಎಚ್ಚರಿಕೆಯ ಯೆಲ್ಲೋ. ಗುರುವಾರ ಶಿಸ್ತು ಸಮಿತಿಯ ಮುಂದೆ ಹೋಗಬೇಕು. ಮೂರು ಮ್ಯಾಚ್ ಹೊರಗಿಡಬಹುದು ಅಂತ ಕೋಚ್ ಹೇಳಿದ್ದಾರೆ. ಮಗ ಸರಿಯಾಗಿ ಊಟ ಮಾಡುತ್ತಿಲ್ಲ, ಇನ್ನು ಆಟವೇ ಬೇಡ ಅನ್ನುತ್ತಾನೆ. ಮನೆಯವರು ರೆಫರಿ ಮೇಲೆ ದೂರು ಕೊಟ್ಟೇ ತೀರುತ್ತೇನೆ ಅಂತಿದ್ದಾರೆ. ಇಂಥದ್ದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ಇಬ್ಬರು ಗಂಡುಮಕ್ಕಳ ಅಪ್ಪ

ಮೇಡಂ, ನಿಮ್ಮ ಮನೆಯವರ ಹಾಗೆ ಒಳಗೆ ನುಗ್ಗಿದವನು ನಾನೂ. ನಾಲ್ಕು ವರ್ಷ ಆಯಿತು. ದೊಡ್ಡ ಮಗನಿಗೆ ಆಗ 14. ಯಾರದೋ ಮೊಣಕೈ ತಾಗಿ ಅವನು ಬಿದ್ದ, ಎದ್ದವನೇ ಹೊಡೆಯಲು ಹೋದ. ಅದನ್ನು ಕಂಡ ಮೇಲೆ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಹೋದದ್ದು ಬಿಡಿಸುವುದಕ್ಕೇ, ಆಣೆ ಮಾಡಿ ಹೇಳುತ್ತೇನೆ. ಆದರೆ ಆ ಕಡೆಯವರಿಗೆ ಕಂಡದ್ದು ಯಾರೋ ದೊಡ್ಡ ಗಂಡಸು ತಮ್ಮ ಮಕ್ಕಳ ಮೇಲೆ ಓಡಿ ಬರುತ್ತಿರುವುದು. ಅವರೂ ಓಡಿ ಬಂದರು. ಹುಡುಗರ ಜಗಳ ಹತ್ತು ಸೆಕೆಂಡಿನಲ್ಲಿ ತಣ್ಣಗಾಗುತ್ತಿತ್ತು, ನಮ್ಮದು ಹತ್ತು ನಿಮಿಷ ನಡೆಯಿತು. ಮ್ಯಾಚ್ ಅಲ್ಲಿಗೇ ನಿಂತುಹೋಯಿತು.

ಸಮಿತಿಯ ಮುಂದೆ ಮಗನಿಗಿಂತ ಮೊದಲು ನನ್ನ ಹೆಸರು ಬಂತು. ಅವನು ತಾನು ಮಾಡಿದ್ದನ್ನು ತಾನೇ ಹೇಳಬೇಕು ಅಂತ ಹಿಂದಿನ ರಾತ್ರಿಯೆಲ್ಲ ತಯಾರಾಗಿ ಬಂದಿದ್ದ. ಅದಕ್ಕೆ ಹೊತ್ತೇ ಸಿಗಲಿಲ್ಲ, ಪೂರ್ತಿ ನನ್ನ ವಿಚಾರಣೆಯೇ ಆಯಿತು. ಶಿಕ್ಷೆ ಅವನಿಗೆ ಸಿಕ್ಕಿತು, ಮಾತು ಮಾತ್ರ ನನ್ನದಾಯಿತು. ಇವತ್ತಿಗೂ ನನ್ನನ್ನು ಕಾಡುವುದು ಅದೊಂದೇ.

ಹಾಗಾಗಿ ನಿಮ್ಮ ಮನೆಯವರು ಗುರುವಾರಕ್ಕೆ ಮೊದಲೇ ತಮ್ಮ ಪಾಲಿಗೆ ಬೇರೆಯೇ ಒಂದು ಕಾಗದ ಬರೆದು ಕೊಡಲಿ: ನಾನು ಮೈದಾನದೊಳಗೆ ಬಂದದ್ದು ತಪ್ಪು, ಇನ್ನು ಬರುವುದಿಲ್ಲ. ಅಷ್ಟೇ ಸಾಕು, "ಆದರೆ" ಅಂತ ಮುಂದಕ್ಕೆ ಎಳೆಯುವುದು ಬೇಡ. ಮಗನ ವಿಷಯ ಮಗನ ಬಾಯಿಂದಲೇ ಬರಲಿ.

ಇನ್ನೊಂದು. ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ರೆಫರಿಯನ್ನು ಬೈದೆ. ಮಗನಿಗೆ ಸಮಾಧಾನ ಆಗಲಿ ಅಂತಲೇ ಬೈದದ್ದು. ವಾರ ಕಳೆದ ಮೇಲೆ ಆ ಹುಡುಗನ ಹತ್ತಿರ ಸಾರಿ ಕೇಳು ಅಂದರೆ, "ತಪ್ಪೆಲ್ಲ ರೆಫರಿದು ಅಂತ ನೀವೇ ಹೇಳಿದ್ರಲ್ಲಪ್ಪ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ರೆಫರಿ ಕೆಲಸ ಮಾಡುವವನು, ಆಡುವ ಮಗಳ ಅಪ್ಪನೂ ಹೌದು

ನೀವು ಹೇಳಿದ್ದು ಹಾಗೆಯೇ ನಡೆದಿದ್ದರೆ ಎರಡೂ ಕಾರ್ಡ್ ಸರಿ. ಕೇಳಲು ಕಷ್ಟ ಅನ್ನುವುದು ಗೊತ್ತು, ಆದರೂ ಗುರುವಾರ ಹೋಗುವ ಮೊದಲು ನಿಮಗೆ ಇದು ತಿಳಿದಿರಬೇಕು. ಆಟದ 12ನೇ ನಿಯಮದಲ್ಲಿ ಇದು ಸ್ಪಷ್ಟವಾಗಿದೆ: ಚೆಂಡಿಗಾಗಿ ಸೆಣಸದೆ ಇರುವಾಗ ಯಾರದೇ ತಲೆಗೋ ಮುಖಕ್ಕೋ ಬೇಕಂತಲೇ ಕೈಯಿಂದ ಹೊಡೆದರೆ, ಆ ಏಟಿನಲ್ಲಿ ಬಲವೇ ಇಲ್ಲ ಅನ್ನುವಷ್ಟು ಹಗುರಾಗಿದ್ದರೆ ಬಿಟ್ಟು, ಅದು ಹಿಂಸಾತ್ಮಕ ವರ್ತನೆ. ಅದಕ್ಕೆ ರೆಡ್ ಕಾರ್ಡ್. ಜೋರಾಗಿ ಬೀಸಿದ ಏಟು ಗುರಿ ತಪ್ಪಿದರೂ ರೆಡ್ ಕಾರ್ಡೇ. ಮೊದಲು ಯಾರು ಕೆಣಕಿದರು ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಳ್ಳಾಟಕ್ಕೆ ಸಾಮಾನ್ಯವಾಗಿ ಯೆಲ್ಲೋ.

ಜೆರ್ಸಿ ಎಳೆದದ್ದು, ಒದ್ದದ್ದು ಕಾಣದೆ ಹೋದದ್ದು ರೆಫರಿಯ ಲೋಪ. ಅದನ್ನು ನಾನು ಸಮರ್ಥಿಸುವುದಿಲ್ಲ. ಹೇಗೆ ಆಗುತ್ತದೆ ಅಂತ ಮಾತ್ರ ಹೇಳುತ್ತೇನೆ. ದೊಡ್ಡ ಮ್ಯಾಚಿನಲ್ಲಿ ಎರಡು ಕಡೆ ಗೆರೆಯ ಪಕ್ಕ ನಿಂತು ರೆಫರಿಗೆ ನೆರವಾಗುವ ಲೈನ್ಸ್‌ಮನ್ ಇರುತ್ತಾರೆ. ಮಕ್ಕಳ ಮ್ಯಾಚಿನಲ್ಲಿ ಎಷ್ಟೋ ಸಲ ರೆಫರಿ ಒಬ್ಬನೇ, ಅವನೂ ಹದಿನಾರರ ಹುಡುಗನೇ ಆಗಿರಬಹುದು. ಚೆಂಡು ಮುಂದೆ ಹೋದ ಹಾಗೆ ಕಣ್ಣೂ ಮುಂದೆ ಹೋಗುತ್ತದೆ. ಹಿಂದೆ ಯಾರೋ ಕೂಗಿದಾಗ ತಿರುಗಿ ನೋಡಿದರೆ ಕಾಣುವುದು ಎರಡನೇ ಏಟು. ಮೊದಲನೆಯದು ಆಗಿ ಹೋಗಿರುತ್ತದೆ. ತಿರುಗಿ ಹೊಡೆದವನೇ ಸಿಕ್ಕಿಬೀಳುವುದು ಇದಕ್ಕೇ. ಈ ಮಾತನ್ನು ನಿಮ್ಮ ಮಗನಿಗೆ ಹೇಳಿ. ನೀತಿ ಹೇಳುವುದಕ್ಕಿಂತ ಇದು ಅವನ ವಯಸ್ಸಿಗೆ ಬೇಗ ಅರ್ಥವಾಗುತ್ತದೆ.

ದೂರಿನ ವಿಷಯ. ಆಟದಲ್ಲಿ ಏನು ನಡೆಯಿತು ಅನ್ನುವುದರ ಬಗ್ಗೆ ರೆಫರಿಯ ತೀರ್ಮಾನವೇ ಅಂತಿಮ ಅಂತ 5ನೇ ನಿಯಮ ಹೇಳುತ್ತದೆ. ಹೊಡೆದದ್ದು ಬೇರೆ ಹುಡುಗ, ಕಾರ್ಡ್ ಸಿಕ್ಕಿದ್ದು ಇವನಿಗೆ ಅನ್ನುವ ಹಾಗಿದ್ದರೆ ಅದು ಬೇರೆ ಮಾತು, ತಕ್ಷಣ ಹೇಳಬೇಕು. "ಅವನಿಗೂ ರೆಡ್ ಕೊಡಬೇಕಿತ್ತು" ಅಂತ ಸಮಿತಿಯ ಮುಂದೆ ವಾದಿಸಿದರೆ ಮಗನಿಗೆ ಏನೂ ಸಿಗುವುದಿಲ್ಲ. ಎಷ್ಟು ಮ್ಯಾಚ್ ಹೊರಗೆ ಅನ್ನುವುದು ಆಯಾ ಟೂರ್ನಿಯ ನಿಯಮ. ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ, ರೆಫರಿ ಕೊಟ್ಟ ವರದಿಯ ಪ್ರತಿ ಸಿಗುತ್ತದೆಯಾ ಅಂತಲೂ ಕೇಳಿ. ಇದು ಮೊದಲ ಸಲ, ಹುಡುಗ ಒಪ್ಪಿಕೊಂಡಿದ್ದಾನೆ, ಅವನನ್ನು ಮೊದಲಿನಿಂದ ಕೆಣಕುತ್ತಿದ್ದರು ಅನ್ನುವುದನ್ನೆಲ್ಲ ಹೇಳಬಹುದು. ಕೇಳಿಸಿಕೊಳ್ಳುತ್ತಾರೆ.

ಹೆತ್ತವರು ಒಳಗೆ ಓಡಿ ಬಂದಾಗ ರೆಫರಿಗೆ ಏನನ್ನಿಸುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. 2012ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಅಲ್ಮೇರೆಯಲ್ಲಿ ಮಗನ ಮ್ಯಾಚಿಗೆ ಲೈನ್ಸ್‌ಮನ್ ಆಗಿ ನಿಂತಿದ್ದ ಒಬ್ಬ ತಂದೆಯನ್ನು, ಮ್ಯಾಚ್ ಮುಗಿದ ಮೇಲೆ ಎದುರು ಟೀಮಿನವರು ಕೆಡವಿ ಒದ್ದರು. ಅವರು ಮರುದಿನ ತೀರಿಕೊಂಡರು. 2013ರಲ್ಲಿ ಹದಿಹರೆಯದ ಆರು ಆಟಗಾರರಿಗೆ ಶಿಕ್ಷೆಯಾಯಿತು. ಒಬ್ಬ ಆಟಗಾರನ ಅಪ್ಪನಿಗೆ ಆರು ವರ್ಷ ಜೈಲು. ನಿಮ್ಮ ಮನೆಯವರು ಅಂಥವರು ಅಂತ ಹೇಳುತ್ತಿಲ್ಲ. ಓಡಿ ಬರುತ್ತಿರುವವರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಲು ನಮಗೆ ಸಮಯ ಇರುವುದಿಲ್ಲ.

ಹೊಡೆತ ತಿಂದ ಹುಡುಗನ ಅಮ್ಮ (ಬೇರೆ ಮ್ಯಾಚ್)

ಇಷ್ಟೆಲ್ಲ ಓದಿದೆ. ಆ ಇನ್ನೊಬ್ಬ ಹುಡುಗ ಹೇಗಿದ್ದಾನೆ ಅಂತ ಯಾರೂ ಕೇಳಿಲ್ಲ.

ನನ್ನ ಮಗನಿಗೆ ಗುದ್ದು ಬಿದ್ದಾಗ ಅವನು ಎದ್ದು ನಿಂತ, ನಕ್ಕ, ಆಡುತ್ತೇನೆ ಅಂದ. ರಾತ್ರಿ ತಲೆನೋವು ಅಂದ, ಎರಡು ಸಲ ವಾಂತಿ ಮಾಡಿಕೊಂಡ. ಆಸ್ಪತ್ರೆಗೆ ಓಡಿದೆವು. ತಲೆಗೆ ಪೆಟ್ಟು ಬಿದ್ದ ಲಕ್ಷಣ ಕೆಲವು ಗಂಟೆ ಕಳೆದ ಮೇಲೂ ಕಾಣಿಸಬಹುದು ಅಂತ ಡಾಕ್ಟರ್ ಹೇಳಿದರು. ಕೇಳಿದ್ದನ್ನೇ ಕೇಳುವುದು, ಮಂಪರು, ತಲೆನೋವು ಏರುತ್ತಾ ಹೋಗುವುದು, ವಾಂತಿ, ಇದರಲ್ಲಿ ಯಾವುದು ಕಂಡರೂ ಕಾಯಬಾರದು. ಅನುಮಾನ ಇದ್ದರೆ ಅವತ್ತು ಮತ್ತೆ ಆಡಿಸಲೇಬಾರದು. ನಿಮ್ಮ ಮಗನಿಗೂ ಆ ಗಲಾಟೆಯಲ್ಲಿ ತಲೆಗೆ ಏನಾದರೂ ತಾಗಿದೆಯಾ ಅಂತ ಕೇಳಿ ನೋಡಿ. ಊಟ ಬಿಟ್ಟಿದ್ದಾನೆ ಅಂದಿರಿ, ಎಲ್ಲವೂ ಬೇಜಾರಿನಿಂದಲೇ ಅಂದುಕೊಳ್ಳಬೇಡಿ.

ನಮಗೆ ಆ ಕಡೆಯಿಂದ ಒಂದು ಮಾತೂ ಬರಲಿಲ್ಲ. ಶಿಕ್ಷೆ ಎಷ್ಟಾಯಿತು ಅಂತ ನಾನು ವಿಚಾರಿಸಲೂ ಇಲ್ಲ. ಆ ಹುಡುಗನಿಂದ ಮೂರು ಸಾಲು ಬಂದಿದ್ದರೆ ನನ್ನ ಮಗ ಮುಂದಿನ ಸಲ ಅದೇ ಟೀಮಿನ ಎದುರು ಇಳಿಯಲು ಅಷ್ಟು ಹೆದರುತ್ತಿರಲಿಲ್ಲ.

ಹದಿನೈದರ ಒಳಗಿನವರ ಕೋಚ್

ನನ್ನ ಪ್ರಕಾರ ಇಲ್ಲಿ ಮೊದಲು ಉತ್ತರ ಕೊಡಬೇಕಾದವರು ಕೋಚ್. ಅರ್ಧ ಮ್ಯಾಚ್ ಒಬ್ಬ ಹುಡುಗನನ್ನು ಎಳೆದಾಡುತ್ತಿದ್ದರೆ ಅವನ ಮುಖ ನೋಡಿದರೇ ಗೊತ್ತಾಗುತ್ತದೆ. ಚೆಂಡು ನೋಡುವುದು ಬಿಟ್ಟು ಆ ಡಿಫೆಂಡರನ್ನೇ ನೋಡಲು ಶುರು ಮಾಡುತ್ತಾನೆ, ಪಾಸ್ ಕೇಳುವುದಿಲ್ಲ, ಕೈ ಮುಷ್ಟಿ ಕಟ್ಟಿರುತ್ತದೆ. ಆಗಲೇ ಹೊರಗೆ ಕರೆಯಬೇಕು. ಹೊರಗೆ ಬಂದ ಆಟಗಾರ ಮತ್ತೆ ಒಳಗೆ ಹೋಗಬಹುದು ಅನ್ನುವ ಅವಕಾಶವನ್ನು ಮಕ್ಕಳ ಆಟಕ್ಕೆ ನಿಯಮವೇ ಕೊಟ್ಟಿದೆ, ಹೆಚ್ಚಿನ ಟೂರ್ನಿಗಳಲ್ಲಿ ಅದು ಜಾರಿಯಲ್ಲೂ ಇದೆ. ಐದು ನಿಮಿಷ ಪಕ್ಕದಲ್ಲಿ ಕೂರಿಸಿ, ನೀರು ಕುಡಿಸಿ, "ಅವನು ಎಳೆಯುತ್ತಿರುವುದು ನಾನು ನೋಡಿದೆ" ಅಂದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಈ ಹುಡುಗರಿಗೆ ಬೇಕಾದದ್ದು ಯಾರಾದರೂ ನೋಡಿದ್ದಾರೆ ಅನ್ನುವ ಭರವಸೆ. ರೆಫರಿಗೆ ಕಾಣಲಿಲ್ಲ, ಕೋಚ್ ಏನೂ ಹೇಳಲಿಲ್ಲ, ಮತ್ತೆ ಅವನು ತಾನೇ ನ್ಯಾಯ ಮಾಡಿಕೊಂಡ.

ನಮ್ಮ ಟೀಮಿನಲ್ಲಿ ರೆಫರಿ ಹತ್ತಿರ ಮಾತಾಡುವವನು ಕ್ಯಾಪ್ಟನ್ ಒಬ್ಬನೇ. ಆಟ ನಿಂತಾಗ ಹತ್ತಿರ ಹೋಗಿ, "ಸರ್, ನಮ್ಮ 9ನೇ ನಂಬರಿನವನ ಜೆರ್ಸಿ ಎಳೆಯುತ್ತಿದ್ದಾರೆ, ದಯವಿಟ್ಟು ಸ್ವಲ್ಪ ನೋಡಿ" ಅನ್ನಬೇಕು. ಮುಂದಿನ ಸಲ ರೆಫರಿ ಖಂಡಿತ ಆ ಕಡೆ ನೋಡುತ್ತಾರೆ. ಜಗಳ ಶುರುವಾದರೆ ಬೆಂಚಿನಿಂದ ಒಬ್ಬರೂ ಏಳುವಂತಿಲ್ಲ. ಎದ್ದವನು ಮುಂದಿನ ಮ್ಯಾಚಿಗೆ ಇಲ್ಲ, ಬಿಡಿಸಲು ಹೋದರೂ ಸರಿ. ಸೀಸನ್ ಶುರುವಾಗುವ ಮೊದಲೇ ಹೆತ್ತವರನ್ನು ಕೂರಿಸಿ ಇದೇ ಮಾತು ಅವರಿಗೂ ಹೇಳುತ್ತೇನೆ.

ಮಗ ಆಟ ಬಿಡುತ್ತೇನೆ ಅಂದರೆ ಈ ವಾರ ಹೌದು ಅನ್ನಬೇಡಿ, ಬೇಡ ಅಂತಲೂ ಅನ್ನಬೇಡಿ. ನಾಚಿಕೆ ಇಳಿಯಲು ದಿನ ಬೇಕು. ಪ್ರಾಕ್ಟೀಸಿಗೆ ಮಾತ್ರ ಕಳಿಸಿ.

ಇನ್ನೊಬ್ಬ ಅಪ್ಪ

ಎಲ್ಲರೂ ದೂರು ಬೇಡ ಅನ್ನುತ್ತಿದ್ದೀರಿ. ನಾನು ಪೂರ್ತಿ ಒಪ್ಪುವುದಿಲ್ಲ. ನನ್ನ ಮಗಳ ಮ್ಯಾಚಿನಲ್ಲಿ ರೆಫರಿಯೊಬ್ಬರು ಹನ್ನೆರಡು ವರ್ಷದ ಮಗುವನ್ನು ಕೆಟ್ಟ ಮಾತಿನಲ್ಲಿ ಬೈದರು. ಅದಕ್ಕೆ ಸುಮ್ಮನಿರಬೇಕಾ? ನಾನು ಅವತ್ತು ಬಾಯಿ ಬಿಡಲಿಲ್ಲ. ಎರಡು ದಿನ ಬಿಟ್ಟು ಸಂಘಟಕರಿಗೆ ಅರ್ಧ ಪುಟ ಬರೆದೆ. ಎಷ್ಟನೇ ನಿಮಿಷ, ಯಾವ ಮಾತು, ಯಾರು ಕೇಳಿಸಿಕೊಂಡರು. "ಪಕ್ಷಪಾತ", "ದ್ವೇಷ" ಅಂತ ಒಂದು ಪದವನ್ನೂ ಹಾಕಲಿಲ್ಲ. ವಾರದೊಳಗೆ ಫೋನ್ ಬಂತು. ಮುಂದಿನ ಮ್ಯಾಚುಗಳಲ್ಲಿ ಅವರ ಜೊತೆ ಒಬ್ಬ ಹಿರಿಯ ರೆಫರಿಯನ್ನು ನಿಲ್ಲಿಸಿದರು.

ಆದ್ದರಿಂದ ದೂರು ಕೊಡಿ, ಆದರೆ ಕಾರ್ಡಿನ ಮೇಲೆ ಅಲ್ಲ. ಅರ್ಧ ಮ್ಯಾಚ್ ಹಿಂದಿನಿಂದ ಒದೆಯಲು ಬಿಟ್ಟರು ಅನ್ನುವುದು ಮಕ್ಕಳ ಸುರಕ್ಷತೆಯ ಪ್ರಶ್ನೆ. ಒಬ್ಬರೇ ರೆಫರಿಯಿಂದ ಆಗುತ್ತಿಲ್ಲ, ಲೈನ್ಸ್‌ಮನ್ ಕೊಡಿ ಅಂತ ಕೇಳಿ. ಮಗನ ವಿಚಾರಣೆ ಮುಗಿದ ಮೇಲೆ ಕೇಳಿ, ಮೊದಲಲ್ಲ. ಮೊದಲು ಕೊಟ್ಟರೆ ಮಗನನ್ನು ಉಳಿಸಲು ಬರೆದದ್ದು ಅನ್ನಿಸಿಬಿಡುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಮನೆಯವರಿಗೆ ಪೂರ್ತಿ ಓದಿಸಿದೆ. ಮೊದಲು ಸಿಟ್ಟು ಮಾಡಿಕೊಂಡರು, ಅಲ್ಮೇರೆಯ ವಿಷಯ ಬಂದ ಮೇಲೆ ಸುಮ್ಮನಾದರು. ತಮ್ಮ ಕಾಗದ ಬರೆದಿದ್ದಾರೆ, ನಾಲ್ಕು ಸಾಲು. "ಆದರೆ" ಇತ್ತು, ತೆಗೆಸಿದೆ.

ಆ ಹುಡುಗನ ಬಗ್ಗೆ ಕೇಳಿದ ಅಮ್ಮನಿಗೆ ಏನು ಹೇಳಲಿ. ಕೋಚ್ ಮೂಲಕ ವಿಚಾರಿಸಿದೆ, ತುಟಿ ಒಡೆದಿದೆಯಂತೆ, ಬೇರೆ ತೊಂದರೆ ಇಲ್ಲವಂತೆ. ಇದನ್ನು ಹೇಳಿದಾಗ ಮಗ ತುಂಬಾ ಹೊತ್ತು ಮಾತಾಡಲಿಲ್ಲ. ತನ್ನ ತಲೆಗೆ ಏನೂ ತಾಗಿಲ್ಲ ಅಂತ ಅವನೇ ಹೇಳಿದ. ರಾತ್ರಿ ಪುಸ್ತಕದ ಹಾಳೆ ಹರಿದು ಏನೋ ಬರೆದಿದ್ದಾನೆ, ನಮಗೆ ತೋರಿಸಲಿಲ್ಲ, ನಾವೂ ಕೇಳಲಿಲ್ಲ. ಗುರುವಾರ ತಾನೇ ಮಾತಾಡುತ್ತೇನೆ ಅಂದಿದ್ದಾನೆ.

ಅವನ ಒಂದು ಪ್ರಶ್ನೆ ಇದೆ, ರೆಫರಿ ಸರ್ ಹೇಳಬೇಕು. ಹೊರಗಿಟ್ಟ ಮ್ಯಾಚುಗಳಿಗೆ ಅವನು ಟೀಮಿನ ಜೊತೆ ಹೋಗಬಹುದಾ?

ರೆಫರಿ

ಸಾಮಾನ್ಯವಾಗಿ ನೋಡಲು ಬಿಡುತ್ತಾರೆ, ಬೆಂಚಿನಲ್ಲಿ ಕೂರಲು ಬಿಡುವುದಿಲ್ಲ. ಕೆಲವು ಟೂರ್ನಿಗಳಲ್ಲಿ ನಿಯಮ ಇನ್ನೂ ಬಿಗಿ ಇರುತ್ತದೆ, ಆದ್ದರಿಂದ ಗುರುವಾರ ಸಮಿತಿಯವರನ್ನೇ ಕೇಳಿ. ಅವನೇ ಕೇಳಲಿ. ಜೆರ್ಸಿ ಹಾಕದೆ, ಹಗ್ಗದ ಆಚೆ ನಿಮ್ಮ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ ಅಂತ ಮೊದಲೇ ಹೇಳಿಡಿ.