ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸವೇ? ಪ್ರಾರ್ಥಿಸಿದಷ್ಟೂ ಭಯ ಹೆಚ್ಚುತ್ತಿದೆ

ಪ್ರಶ್ನೆ (ಗದಗದಿಂದ)

ಎಲ್ಲರಿಗೂ ವಂದನೆಗಳು. ಎರಡು ವರ್ಷಗಳ ಹಿಂದೆ ತಂದೆಯವರು ಹಠಾತ್ತಾಗಿ ತೀರಿಕೊಂಡಂದಿನಿಂದ, ವಾರದಲ್ಲಿ ಮೂರು ನಾಲ್ಕು ರಾತ್ರಿ ಎರಡೂವರೆಯ ಹೊತ್ತಿಗೆ ನನಗೆ ಎಚ್ಚರವಾಗುತ್ತದೆ. ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಮಕ್ಕಳಿಗೆ ಏನೋ ಆಗಿಬಿಡುತ್ತದೆ ಎಂಬ ಭಯ ಬೆಳಗಿನವರೆಗೂ ಬಿಡುವುದಿಲ್ಲ. ಇಸಿಜಿಯಲ್ಲಿ ದೋಷವೇನೂ ಕಾಣಲಿಲ್ಲ. ಇದು ಆತಂಕದ ಕಾಯಿಲೆ ಎಂದು ವೈದ್ಯರು ಮಾತ್ರೆ ಬರೆದುಕೊಟ್ಟರು. ಆದರೆ ನಮ್ಮ ಉಪವಾಸ ಪ್ರಾರ್ಥನೆಯ ಕೂಟದಲ್ಲಿ ಹಿರಿಯರೊಬ್ಬರು, ಯಾವುದಕ್ಕೂ ಚಿಂತಿಸಬೇಡಿರೆಂದು ಸತ್ಯವೇದವೇ (ಬೈಬಲೇ) ಹೇಳಿರುವಾಗ ಮಾತ್ರೆ ನುಂಗುವುದು ಅವಿಶ್ವಾಸವೆಂದರು. ಆ ಮಾತಿಗೆ ಅಂಜಿ ಹತ್ತು ದಿನಗಳಿಂದ ಮಾತ್ರೆ ನಿಲ್ಲಿಸಿದ್ದೇನೆ. ಸ್ಥಿತಿ ಇನ್ನಷ್ಟು ಹದಗೆಟ್ಟಿದೆ. ಮೊಣಕಾಲೂರಿ ಪ್ರಾರ್ಥಿಸಲು ಹೊರಟರೆ ನನ್ನ ಬೇಡಿಕೆಗಳೇ ಭಯಗಳ ಪಟ್ಟಿಯಾಗಿ ಬೆಳೆಯುತ್ತವೆ, ‘ಆಮೆನ್’ ಎನ್ನುವಷ್ಟರಲ್ಲಿ ಮೊದಲಿಗಿಂತ ಹೆಚ್ಚು ಹೆದರಿರುತ್ತೇನೆ. ನನ್ನ ವಿಶ್ವಾಸದಲ್ಲಿ ಕೊರತೆಯಿದೆಯೇ? ಇಂಥ ಸ್ಥಿತಿಯಲ್ಲಿ ಪ್ರಾರ್ಥಿಸುವುದಾದರೂ ಹೇಗೆ?

ಉತ್ತರ 1 (ನಿವೃತ್ತ ಸಭಾಪಾಲಕ, ಧಾರವಾಡ)

ಸಹೋದರಿ, ಹೆದರಿದವರ ಮೇಲೆ ಹಾವು ಹಾಕಿದಂತಾಗಿದೆ ನಿಮ್ಮ ಪಾಡು. ಆ ಹಿರಿಯರ ಮನಸ್ಸಿನಲ್ಲಿದ್ದದ್ದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯವಿರಬೇಕು. ಅದನ್ನು ಆದಿ ಸಭೆಗಳ ಅಪೊಸ್ತಲನಾದ ಪೌಲನು ಬರೆದದ್ದು ಸೆರೆಯಲ್ಲಿದ್ದಾಗ, ಮುಂದೆ ಬಿಡುಗಡೆಯೋ ಮರಣವೋ ಎಂಬುದು ಇನ್ನೂ ಇತ್ಯರ್ಥವಾಗದಿದ್ದಾಗ. ಅದೇ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ, ಎಲ್ಲ ಸಭೆಗಳ ಚಿಂತೆ ತನ್ನನ್ನು ದಿನದಿನವೂ ಒತ್ತುತ್ತಿದೆ ಎಂದು ಒಪ್ಪಿಕೊಳ್ಳುತ್ತಾನೆ. ಗ್ರೀಕ್ ಮೂಲದಲ್ಲಿ ಎರಡೂ ಕಡೆ ಒಂದೇ ಧಾತುವಿನ ಪದಗಳಿವೆ. ಚಿಂತೆ ಬಂದದ್ದೇ ಅವಿಶ್ವಾಸವಾದರೆ ನಿಮ್ಮ ಕೂಟದಿಂದ ಪೌಲನನ್ನೂ ಎಬ್ಬಿಸಿ ಕಳುಹಿಸಬೇಕಾದೀತು.

ಫಿಲಿಪ್ಪಿಯವರಿಗೆ ಬರೆದ ಆ ಮಾತಿನ ಮುಂದಿನ ವಚನದಲ್ಲಿ, ದೇವಶಾಂತಿಯು ನಮ್ಮ ಹೃದಯಗಳನ್ನೂ ಯೋಚನೆಗಳನ್ನೂ ಕಾಯುವುದೆಂದು ಇದೆ. ಇಲ್ಲಿರುವ ಗ್ರೀಕ್ ಕ್ರಿಯಾಪದವು ದಂಡಿನ ಕಾವಲಿಗೆ ಬಳಸುವಂಥದ್ದು. ಫಿಲಿಪ್ಪಿಯಾದರೋ ರೋಮನ್ ಸೇನೆಯ ನಿವೃತ್ತ ಸಿಪಾಯಿಗಳನ್ನು ನೆಲೆಗೊಳಿಸಿದ್ದ ವಸಾಹತು. ಅಲ್ಲಿ ಈ ಪತ್ರಿಕೆಯನ್ನು ಕೇಳಿಸಿಕೊಂಡವರಿಗೆ ಪಟ್ಟಣದ ಬಾಗಿಲಲ್ಲಿ ನಿಂತ ಪಹರೆಯವನೇ ಕಣ್ಣಿಗೆ ಕಟ್ಟಿರಬೇಕು. ಹೊರಗೆ ಅಪಾಯವೇ ಇಲ್ಲದಿದ್ದರೆ ಪಹರೆ ಏಕೆ? ಬಡಿದುಕೊಳ್ಳುತ್ತಿರುವ ಎದೆಗೂ ಕಾವಲಿದೆ ಎಂದೇ ನಾನು ಆ ವಚನವನ್ನು ಓದುತ್ತೇನೆ.

ಪ್ರಾರ್ಥಿಸುವಾಗ ಭಯವನ್ನು ಒಂದೇ ವಾಕ್ಯದಲ್ಲಿ ಹೇಳಿ ನಿಲ್ಲಿಸಿರಿ. ನಾವು ಬೇಡುವ ಮೊದಲೇ ನಮ್ಮ ಅಗತ್ಯಗಳು ತಂದೆಗೆ ಗೊತ್ತಿವೆ ಎಂದು ಯೇಸುಸ್ವಾಮಿಯೇ ಹೇಳಿರುವುದರಿಂದ ಆತನಿಗೆ ವಿವರ ಒಪ್ಪಿಸುವ ಹೊಣೆ ನಿಮಗಿಲ್ಲ. ಬಳಿಕ ಆ ದಿನದ ಒಂದು ಒಳಿತಿಗೆ, ಅದು ಎಷ್ಟೇ ಚಿಕ್ಕದಿರಲಿ, ಸ್ತೋತ್ರ ಸಲ್ಲಿಸಿರಿ.

ಉತ್ತರ 2 (ನರ್ಸ್, ಬೆಂಗಳೂರು)

ನಾನು ಮಾತ್ರೆಯ ವಿಷಯವನ್ನಷ್ಟೇ ಹೇಳುತ್ತೇನೆ. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಔಷಧಿಗಳ ಗುಣ ಕಾಣಲು ಕೆಲವು ವಾರಗಳೇ ಬೇಕಾಗುತ್ತವೆ, ಮತ್ತು ಅವುಗಳನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ರಾಭಂಗ, ತಳಮಳ ಉಂಟಾಗಬಹುದು. ಈ ಹತ್ತು ದಿನಗಳ ಸಂಕಟದಲ್ಲಿ ಅದರ ಪಾಲೂ ಇರಬಹುದು. ನಿಲ್ಲಿಸಿದ್ದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಮುಂದುವರಿಯಿರಿ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೆಯೇ ಬಡಿದುಕೊಳ್ಳುತ್ತದೆ. ಆ ರಕ್ತಪರೀಕ್ಷೆ ಆಗಿದೆಯೇ? ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿದೆ, ಕನ್ನಡದಲ್ಲಿಯೇ ಮಾತನಾಡಬಹುದು. ಎಚ್ಚರವಾದಾಗ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿರಿ. ಬಿಡುವಾಗ ನಾನು ‘ಕರ್ತನೇ, ಕರುಣಿಸು’ ಎಂದುಕೊಳ್ಳುತ್ತೇನೆ. ಅಂದಹಾಗೆ, ಪೌಲನು ‘ಪ್ರಿಯ ವೈದ್ಯ’ ಎಂದು ಕರೆದ ಲೂಕನು ಅವನ ಜೊತೆಯಲ್ಲೇ ಇದ್ದನು.

ಉತ್ತರ 3 (ಮಂಗಳೂರಿನಿಂದ)

ನಾನು ಕಥೋಲಿಕ. ಸಭಾಪಾಲಕರ ವಿವರಣೆ ಮನಸ್ಸಿಗೆ ಹಿಡಿಸಿತು. ಆದರೆ ಸ್ತೋತ್ರ ಸಲ್ಲಿಸಿರಿ ಎಂಬ ಸಲಹೆಯನ್ನು ನಾನು ಒಪ್ಪಲಾರೆ. ನನ್ನ ಕೆಟ್ಟ ವರ್ಷಗಳಲ್ಲಿ ಸ್ತೋತ್ರದ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಅದನ್ನು ಹೇಳಲಾಗಲಿಲ್ಲವಲ್ಲ ಎಂಬುದೇ ಇನ್ನೊಂದು ಚಿಂತೆಯಾಗುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೈಬಲಿನ 88ನೆಯ ಕೀರ್ತನೆ. ಉಳಿದ ಮೊರೆಯ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಭರವಸೆಯ ಕಡೆಗೆ ತಿರುಗುತ್ತವೆ. ಇದು ಮಾತ್ರ ಕತ್ತಲೆ ಎಂಬ ಮಾತಿನಲ್ಲಿಯೇ ಮುಗಿಯುತ್ತದೆ. ನಮ್ಮ ಗುರುಗಳೂ ಕನ್ಯಾಸ್ತ್ರೀಯರೂ ಮಲಗುವ ಮುನ್ನ ಹೇಳುವ ಪ್ರಾರ್ಥನೆಯಲ್ಲಿ ಪ್ರತಿ ಶುಕ್ರವಾರ ಇದೇ ಕೀರ್ತನೆ ಬರುತ್ತದೆ. ಸಮಾಧಾನವಿಲ್ಲದ ಪ್ರಾರ್ಥನೆಯನ್ನೂ ಧರ್ಮಸಭೆ ಪ್ರಾರ್ಥನೆಯೆಂದೇ ಎಣಿಸಿದೆ ಎಂದು ತಿಳಿದ ದಿನ ನನ್ನ ಅರ್ಧ ಭಾರ ಇಳಿಯಿತು. ಮಾತೇ ಹೊರಡದ ರಾತ್ರಿ ಜಪಸರದ ಮಣಿಗಳನ್ನು ಎಣಿಸುತ್ತಿದ್ದೆ. ಬೆರಳಿಗೊಂದು ಕೆಲಸ ಸಿಕ್ಕಿದರೆ ಮನಸ್ಸು ಅಷ್ಟು ಅಲೆಯುವುದಿಲ್ಲ.

ಉತ್ತರ 4 (ನಿವೃತ್ತ ಸಭಾಪಾಲಕ, ಧಾರವಾಡ)

ಮಂಗಳೂರಿನವರ ತಿದ್ದುಪಡಿ ಸರಿಯಾಗಿದೆ. ಸ್ತೋತ್ರ ಬಾರದ ರಾತ್ರಿ ಅದನ್ನು ಬಿಟ್ಟುಬಿಡಿರಿ. ಪ್ರವಾದಿಯಾದ ಎಲೀಯನು ಸಾವನ್ನು ಬೇಡಿಕೊಂಡು ಗಿಡದ ಕೆಳಗೆ ಮಲಗಿದಾಗ ದೇವದೂತನು ಅವನಿಂದ ಸ್ತೋತ್ರ ಕೇಳಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಮತ್ತೆ ಮಲಗಲು ಬಿಟ್ಟನು.

ಪ್ರಶ್ನೆ ಕೇಳಿದವರು

ಅಯ್ಯನವರಿಗೂ ಉಳಿದ ಇಬ್ಬರಿಗೂ ಕೃತಜ್ಞತೆಗಳು. ಥೈರಾಯ್ಡ್ ಪರೀಕ್ಷೆ ಆಗಿರಲಿಲ್ಲ. ಸೋಮವಾರ ವೈದ್ಯರನ್ನು ಕಂಡು ಅದನ್ನೂ ಕೇಳುತ್ತೇನೆ, ಮಾತ್ರೆ ಬಿಟ್ಟದ್ದನ್ನೂ ಹೇಳುತ್ತೇನೆ. ನಿನ್ನೆ ರಾತ್ರಿಯೂ ಎರಡೂವರೆಗೇ ಎಚ್ಚರವಾಯಿತು. 88ನೆಯ ಕೀರ್ತನೆಯನ್ನು ಎರಡು ಸಲ ಓದಿ ದೀಪ ಆರಿಸಿದೆ. ಭಯ ಇದ್ದೇ ಇತ್ತು, ಆದರೆ ಪಟ್ಟಿ ಬೆಳೆಯಲಿಲ್ಲ.